ಯಾರ ಕರೆಗೂ ಓಗೊಡದ ಸಂಖ್ಯೆ

ಫೆಜ್ ಪಟ್ಟಣದಲ್ಲಿ ಚರ್ಮ ಹದ ಮಾಡುವವರ ಕೇರಿ ದಾಟಿ ಏರು ಹತ್ತಿದರೆ ಒಂದು ಸಣ್ಣ ಮಸೀದಿ. ಅದರ ಮಿನಾರಿನ ಬೆನ್ನಿಗೆ ಅಂಟಿಕೊಂಡ ಹಾಗೆ ಒಂದು ಕೋಣೆ. ಆ ಕೋಣೆಯಲ್ಲಿ ಒಂದು ಚಾಪೆ, ಒಂದು ನೀರಿನ ಗಡಿಯಾರ, ಮತ್ತೆ ಮೈಮೂನ್. ಹೊತ್ತು ನೋಡುವುದು ಅವನ ಕೆಲಸ. ಅಂಗಳದ ಕಲ್ಲಿನ ಮೇಲೆ ನೆಟ್ಟ ಮೊಳೆಯ ನೆರಳು ಎಲ್ಲಿಗೆ ಬಂತೆಂದು ನೋಡಿ, ನಮಾಜಿನ ಹೊತ್ತಾದ ಕೂಡಲೇ ಬಾಂಗು ಕೂಗಲು ಮೇಲೆ ಕಾದು ನಿಂತ ಬರ್ಹೂನನಿಗೆ “ಆಯ್ತು” ಎನ್ನಬೇಕು. ಬರ್ಹೂನ್ ಕೂಗುತ್ತಾನೆ, ಊರು ಎದ್ದು ಕೈಕಾಲು ತೊಳೆಯುತ್ತದೆ. ಆ ಒಂದು ಮಾತನ್ನು ಬಿಟ್ಟರೆ ಎಷ್ಟೋ ದಿನ ಮೈಮೂನನ ಬಾಯಿಂದ ಇನ್ನೊಂದು ಮಾತು ಹೊರಡುತ್ತಿರಲಿಲ್ಲ. ಹೆಂಡತಿ ಮಹಾಮಾರಿಯ ವರ್ಷದಲ್ಲಿ ಹೋದಳು. ಮಕ್ಕಳನ್ನು ದೇವರು ಕೊಟ್ಟಿರಲಿಲ್ಲ. ಕೊಟ್ಟದ್ದು ಲೆಕ್ಕದ ಹುಚ್ಚು, ಮತ್ತೆ ತಾಶ್ಫೀನನಂಥ ಒಬ್ಬ ಗೆಳೆಯ.

ತಾಶ್ಫೀನ್ ಸತ್ತವರ ಆಸ್ತಿ ಪಾಲು ಮಾಡಿಕೊಡುತ್ತಿದ್ದವನು. ಹೆಂಡತಿಗೆ ಎಂಟರಲ್ಲೊಂದು, ತಾಯಿಗೆ ಆರರಲ್ಲೊಂದು, ಉಳಿದದ್ದರಲ್ಲಿ ಗಂಡುಮಕ್ಕಳಿಗೆಷ್ಟು ಹೆಣ್ಣುಮಕ್ಕಳಿಗೆಷ್ಟು ಎಂದು ಜೀವಮಾನವೆಲ್ಲ ಭಾಗಾಕಾರ ಮಾಡಿ, ಈಗ ಮಂಡಿ ಹಿಡಿದುಕೊಂಡು ಮನೆಯಲ್ಲಿ ಕೂತಿದ್ದ. ಆದರೂ ಬಿಸಿಲು ಇಳಿದ ಮೇಲೆ ಕೋಲೂರಿಕೊಂಡು ಮಿನಾರಿನ ಮೆಟ್ಟಿಲಿಗೆ ಬರುತ್ತಿದ್ದ. ಕೆಳಗಿನ ಮೂರನೆಯ ಮೆಟ್ಟಿಲು ಅವನದು. ಮೇಲೆ ಹತ್ತಲು ಅವನಿಂದಾಗದು; ಮೈಮೂನನೇ ಇಳಿದು ಬಂದು ಪಕ್ಕದಲ್ಲಿ ಕೂರಬೇಕು.

ಇವರಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಇವರೇ ಹುಟ್ಟುಹಾಕಿದ್ದಲ್ಲ, ಲೆಕ್ಕ ಕಲಿತವರೆಲ್ಲ ಆ ಕಾಲದಲ್ಲಿ ಬಲ್ಲ ಪದ್ಧತಿ. ಇನ್ನೂರ ಇಪ್ಪತ್ತು ಎಂಬ ಸಂಖ್ಯೆ ಇದೆಯಲ್ಲ, ಅದನ್ನು ಶೇಷವಿಲ್ಲದೆ ಭಾಗಿಸುವ ಸಣ್ಣ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ ಇನ್ನೂರ ಎಂಬತ್ತನಾಲ್ಕು ಬರುತ್ತದೆ. ಇನ್ನೂರ ಎಂಬತ್ತನಾಲ್ಕನ್ನು ಭಾಗಿಸುವವನ್ನೆಲ್ಲ ಕೂಡಿಸಿದರೆ ತಿರುಗಿ ಇನ್ನೂರ ಇಪ್ಪತ್ತೇ. ಒಂದರ ಒಡಲೊಳಗೆ ಇನ್ನೊಂದು. ಹಳಬರು ಅವನ್ನು ಗೆಳೆಯ ಸಂಖ್ಯೆಗಳೆಂದು ಕರೆದರು. ಎರಡು ರೊಟ್ಟಿಯ ಮೇಲೆ ಒಂದೊಂದನ್ನು ಗೀಚಿ, ಚಿಕ್ಕದನ್ನು ಗೆಳೆಯನಿಗೆ ಕೊಟ್ಟು, ಅವನು ತಿಂದನೆಂದು ತಿಳಿದ ಮೇಲೆ ದೊಡ್ಡದನ್ನು ತಾನು ತಿಂದರೆ ಆ ಸ್ನೇಹ ಕಡಿಯದು ಎಂದು ನಂಬಿಕೆ. ಇಬ್ಬರೂ ತಮ್ಮ ತಮ್ಮ ರೊಟ್ಟಿಯನ್ನು ಚೂರೂ ಬಿಡದೆ ತಿನ್ನಬೇಕು, ಬೇರೆ ಯಾರಿಗೂ ಕೊಡಬಾರದು.

ಮದ್ರಸಾದಲ್ಲಿ ಓದುವಾಗ ಇವರಿಬ್ಬರೂ ಆ ಜೋಡಿಯನ್ನು ತಿಂದಿದ್ದರು. ಮೈಮೂನನ ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ತಾಶ್ಫೀನ್ ಎರಡನೆಯ ಜೋಡಿಯ ಚಿಕ್ಕದನ್ನು, ಹದಿನೇಳು ಸಾವಿರದ ಇನ್ನೂರ ತೊಂಬತ್ತಾರನ್ನು, ರೊಟ್ಟಿಯ ಮೇಲೆ ಬರೆಸಿ ತಂದು, ಮುಂದಿಟ್ಟು, ತಿನ್ನುವತನಕ ಎದ್ದು ಹೋಗಿರಲಿಲ್ಲ. ಮೂರನೆಯ ಜೋಡಿ ಇದೆಯೋ ಇಲ್ಲವೋ ಫೆಜ್‌ನಲ್ಲಿ ಯಾರಿಗೂ ತಿಳಿಯದು.

ಒಂದು ಸಂಜೆ ತಾಶ್ಫೀನ್ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ, “ಹಜ್‌ಗೆ ಹೊರಟೆ ಕಣೋ” ಎಂದ.

“ಈ ಕಾಲಲ್ಲಾ?”

“ಕಾಲು ನಂದು, ನಡಿಗೆ ಕತ್ತೇದು. ಅಳಿಯ ಒಂದು ಮುದಿ ಕತ್ತೆ ಕೊಡ್ಸಿದಾನೆ. ನನಗಿಂತ ಅದೇ ಹೆಚ್ಚು ಕೆಮ್ಮತ್ತೆ.”

“ತಿರುಗಿ ಬರೋದು?”

ತಾಶ್ಫೀನ್ ಕೋಲಿನ ತುದಿಯಿಂದ ನೆಲ ಕೆರೆದ. “ಬರಲ್ಲ. ಮದೀನಾದಲ್ಲೇ ಇದ್ಬಿಡೋಣ ಅಂತ. ಪ್ರವಾದಿಗಳ ಊರಿನ ಮಣ್ಣು ಸಿಗತ್ತೆ. ಇಲ್ಲಿ ಮಗಳಿಗೆ ನಾನೊಂದು ಹೊರೆ, ಅಲ್ಲಿ ಯಾರಿಗೂ ಅಲ್ಲ.”

ಮೈಮೂನ್ ನೆರಳು ನೋಡುವವನ ಹಾಗೆ ನೆಲ ನೋಡಿದ. ಕಡೆಗೆ ತಾಶ್ಫೀನನೇ ಭುಜದಿಂದ ಒಂದು ತಿವಿದ.

“ಏನೋ, ಮುಖ ಹುಳಿ ಮೊಸರಿನ ಥರ ಮಾಡ್ಕೊಂಡೆ? ನೀನು ಲೆಕ್ಕದೋನು ಅಂತ ಊರೆಲ್ಲಾ ಹೇಳತ್ತೆ. ಹೊರಡೋದ್ರೊಳಗೆ ಮೂರನೇ ಜೋಡಿ ಹುಡುಕ್ಕೊಡು ನೋಡೋಣ. ಎರಡು ಜೋಡಿ ಈ ಊರಿನ ಅಳತೆಗೆ ಆಯ್ತು. ಮದೀನಾ ದೂರ ಕಣೋ, ದೊಡ್ಡದು ಬೇಕು.”

ತಮಾಷೆಗೇ ಅಂದದ್ದು. ಆದರೆ ಮೈಮೂನನಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ಗೆಳೆಯ ಮರಳುಗಾಡು ದಾಟಿ ಹೋಗಿಬಿಡುತ್ತಾನೆ; ಅವನ ಹೊಟ್ಟೆಯೊಳಗೆ ಒಂದು ಸಂಖ್ಯೆ, ತನ್ನ ಹೊಟ್ಟೆಯೊಳಗೆ ಅದರ ಜೊತೆಯದು. ಅಷ್ಟು ಇದ್ದರೆ ಈ ಕೋಣೆಯಲ್ಲಿ ಉಳಿದ ದಿನ ಕಳೆಯಬಹುದು ಎನ್ನಿಸಿತು. ಇಲ್ಲದಿದ್ದರೆ ಹೇಗೆ ಕಳೆಯುವುದೋ ಅವನಿಗೆ ತೋಚಲಿಲ್ಲ.

ಜೋಡಿ ಹುಡುಕುವುದಕ್ಕೆ ಹಳಬರು ಒಂದು ದಾರಿ ಹೇಳಿಹೋಗಿದ್ದರು. ಮೂರನ್ನು ದುಪ್ಪಟ್ಟು ಮಾಡುತ್ತ ಹೋಗು, ಒಂಬತ್ತನ್ನೂ ದುಪ್ಪಟ್ಟು ಮಾಡುತ್ತ ಹೋಗು, ಸಿಕ್ಕಿದ್ದರಿಂದ ಒಂದು ಕಳೆ. ಹಾಗೆ ಪ್ರತಿ ಹಂತದಲ್ಲೂ ಮೂರು ಸಂಖ್ಯೆ ಕೈಗೆ ಬರುತ್ತವೆ. ಆ ಮೂರೂ ಕಿವುಡಾಗಿದ್ದರೆ ಮಾತ್ರ ಅವುಗಳಿಂದ ಗೆಳೆಯರ ಜೋಡಿ ಹುಟ್ಟುತ್ತದೆ. ಕಿವುಡು ಎಂದರೆ ಏನು? ಒಂದರ ಹೊರತು ಯಾವ ಸಣ್ಣ ಸಂಖ್ಯೆ ಬಂದು ಭಾಗಿಸಿ ನೋಡಿದರೂ ಏನಾದರೂ ಶೇಷ ಉಳಿಯುವಂಥದ್ದು, ಯಾರು ಕರೆದರೂ ಓಗೊಡದೆ ತನ್ನಷ್ಟಕ್ಕೆ ತಾನಿರುವಂಥದ್ದು. ಏಳು ಕಿವುಡು, ಹನ್ನೊಂದು ಕಿವುಡು. ಹದಿನೈದು ಅಲ್ಲ, ಅದನ್ನು ಮೂರು ಕರೆದರೂ ತಿರುಗಿ ನೋಡುತ್ತದೆ, ಐದು ಕರೆದರೂ ತಿರುಗಿ ನೋಡುತ್ತದೆ. ಮೈಮೂನ್ ಇದನ್ನು ಎಷ್ಟೋ ಸಲ ಯೋಚಿಸಿ ತಲೆದೂಗಿದ್ದ. ಮೂರು ಒಂಟಿಗಳು ಸೇರದೆ ಒಂದು ಸ್ನೇಹ ಹುಟ್ಟುವುದಿಲ್ಲ. ಸೃಷ್ಟಿ ಮಾಡಿದವನು ಹೀಗೆ ಯಾಕಿಟ್ಟನೋ ಅವನೇ ಬಲ್ಲ. ಅವನಂತೂ ಒಂದೇ, ಲೆಕ್ಕದೊಳಕ್ಕೆ ಬಾರದ ಒಂದು.

ಎರಡನೆಯ ಜೋಡಿ ನಾಲ್ಕನೆಯ ಹಂತದಲ್ಲಿ ಸಿಕ್ಕಿತ್ತು. ಐದರಲ್ಲೂ ಆರರಲ್ಲೂ ತೊಂಬತ್ತೈದು ಎಂಬುದು ಅಡ್ಡ ಬರುತ್ತಿತ್ತು. ಐದು ಕರೆದರೆ ಸಾಕು, ಅದು ಓಗೊಡುತ್ತದೆ. ಏಳನೆಯ ಹಂತದಲ್ಲಿ ನೂರ ತೊಂಬತ್ತೊಂದು ಬಂತು, ಮುನ್ನೂರ ಎಂಬತ್ತಮೂರು ಬಂತು. ಎರಡೂ ಕಿವುಡೆಂದು ಮೈಮೂನನಿಗೆ ಬೇಗ ತಿಳಿಯಿತು. ಮೂರನೆಯದು ಮಾತ್ರ ದೊಡ್ಡದು. ಎಪ್ಪತ್ತಮೂರು ಸಾವಿರದ ಏಳುನೂರ ಇಪ್ಪತ್ತೇಳು, 73727.

ಅವನು ಗೋಡೆಗೊರಗಿಸಿದ್ದ ಧೂಳುಹಲಗೆಯನ್ನು ಇಳಿಸಿ, ಸಣ್ಣ ಮರಳು ಚೆಲ್ಲಿ, ಅಂಗೈಯಿಂದ ಸಮ ಮಾಡಿದ. ಇನ್ನೂರ ಎಪ್ಪತ್ತೊಂದರವರೆಗಿನ ಕಿವುಡು ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡದೊಂದು ಇದನ್ನು ಭಾಗಿಸಬೇಕಾದರೆ ಜೊತೆಗೆ ಚಿಕ್ಕದೊಂದು ಇರಲೇಬೇಕು, ಆ ಚಿಕ್ಕದನ್ನು ಆಗಲೇ ಕೇಳಿ ಆಗಿರುತ್ತದೆ.

ಏಳು ಕರೆಯಿತು, ಓಗೊಡಲಿಲ್ಲ. ಹನ್ನೊಂದು, ಹದಿಮೂರು, ಹದಿನೇಳು. ಪ್ರತಿಸಲ ಸಂಖ್ಯೆಯನ್ನು ಹೊಸದಾಗಿ ಮರಳಿನಲ್ಲಿ ಬರೆಯಬೇಕು. ಭಾಗಿಸುತ್ತ ಹೋದ ಹಾಗೆ ಅದರ ಅಂಕೆಗಳನ್ನು ಬೆರಳಿಂದ ಅಳಿಸಿ ಅಳಿಸಿ ಉಳಿದದ್ದನ್ನು ಬರೆಯಬೇಕು. ಕೆಲಸ ಮುಗಿದಾಗ ಹಲಗೆಯ ಮೇಲೆ ಭಾಗಲಬ್ಧವೂ ಶೇಷವೂ ಇರುತ್ತವೆಯೇ ಹೊರತು ಮೊದಲಿನ ಸಂಖ್ಯೆ ಇರುವುದಿಲ್ಲ. ಮೂರು ಸಂಖ್ಯೆ ಕೇಳುವಷ್ಟರಲ್ಲಿ ಬೆನ್ನು ಹಿಡಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ನಮಾಜು ಮಾಡಿ, ಒಂದು ಹಿಡಿ ಆಲಿವ್ ತಿಂದು, ಮತ್ತೆ ಕೂರುತ್ತಿದ್ದ.

ಯಾತ್ರೆಯವರು ಹೊರಡುವ ಮುನ್ನಾದಿನ, ಮಧ್ಯಾಹ್ನದ ಹೊತ್ತು, ಸರದಿ ಐವತ್ತಮೂರಕ್ಕೆ ಬಂದಿತ್ತು. ಮೈಮೂನ್ ಮರಳು ಸಮ ಮಾಡಿ, ಏಳು ಎಂದು ಬರೆದಿದ್ದನಷ್ಟೇ. ಮೇಲಿನಿಂದ ಬರ್ಹೂನನ ದನಿ ಬಂತು.

“ಸೀದಿ ಮೈಮೂನ್, ಹೊತ್ತಾಯ್ತಾ? ಬಿಸಿಲಲ್ಲಿ ನನ್ನ ತಲೆ ಬೆಂದು ಮೊಟ್ಟೆ ಆಯ್ತು!”

ಮೈಮೂನ್ ಕಿಟಕಿಗೆ ಹೋಗಿ ನೆರಳು ನೋಡಿ ಬಂದ. “ಇನ್ನೂ ಇಲ್ಲ. ಸ್ವಲ್ಪ ತಾಳು.”

“ತಾಳು ತಾಳು ಅಂತಲೇ ನನ್ನ ಆಯಸ್ಸು ಹೋಯ್ತು.”

ಮೈಮೂನ್ ಮತ್ತೆ ಕೂತು ಉಳಿದ ಅಂಕೆಗಳನ್ನು ಬರೆದು ಭಾಗಿಸತೊಡಗಿದ. ಅಂಕೆಗಳು ಒಂದೊಂದಾಗಿ ಅಳಿದವು. ಒಂದು ಸಾವಿರದ ನಾನೂರ ಐವತ್ತೊಂಬತ್ತು ಬಂದು ನಿಂತಿತು. ಶೇಷ ಇಲ್ಲ.

ಅವನು ಮರಳನ್ನು ನೋಡುತ್ತಲೇ ಕೂತ. ಆಮೇಲೆ ತಾಳೆ ನೋಡಿದ. ಫೆಜ್‌ನಲ್ಲಿ ಲೆಕ್ಕ ಕಲಿತ ಯಾರೂ ಗುಣಿಸಿ ತಾಳೆ ನೋಡುವುದಿಲ್ಲ. ಒಂಬತ್ತನ್ನು ಕಳೆದು ನೋಡುತ್ತಾರೆ. ಅಂಕೆಗಳನ್ನು ಕೂಡಿಸುತ್ತ ಒಂಬತ್ತೊಂಬತ್ತನ್ನು ಬಿಟ್ಟರೆ ಐವತ್ತಮೂರಕ್ಕೆ ಎಂಟು. ಭಾಗಲಬ್ಧಕ್ಕೆ ಒಂದು. ಎಂಟೊಂದಲ ಎಂಟು. ದೊಡ್ಡ ಸಂಖ್ಯೆಯ ಅಂಕೆಗಳನ್ನು ಕೂಡಿಸಿದರೂ ಎಂಟೇ. ತಾಳೆಯಾಯಿತು. ಐವತ್ತಮೂರು ಕರೆದದ್ದಕ್ಕೆ ಅದು ಓಗೊಟ್ಟುಬಿಟ್ಟಿತ್ತು. ಮೂರನೆಯ ಜೋಡಿ ಇಲ್ಲ.

“ಸೀದಿ! ಈಗಲಾದ್ರೂ?” ಎಂದ ಬರ್ಹೂನ್.

ನೆರಳು ಗೆರೆ ದಾಟಿ ಹೋಗಿತ್ತು. ಆ ದಿನ ಆ ಮಸೀದಿಯ ಕೂಗು ಊರಿನ ಎಲ್ಲ ಮಸೀದಿಗಳ ಕೂಗು ಮುಗಿದ ಮೇಲೆ ಬಂತು. ಕೆಳಗೆ ಚರ್ಮದ ಕೇರಿಯವರು ತಲೆಯೆತ್ತಿ ನೋಡಿದರು.

ಮಾರನೆಯ ದಿನ ಬಾಬ್ ಫುತೂಹ್ ಎಂಬ ಊರಬಾಗಿಲಲ್ಲಿ ಒಂಟೆ, ಕತ್ತೆ, ಅಳುವವರು, ನಗುವವರು, ಎಲ್ಲ ಒಂದೇ ಗದ್ದಲ. ತಾಶ್ಫೀನ್ ತನ್ನ ಮುದಿ ಕತ್ತೆಯ ಮೇಲೆ ಗೋಣಿಚೀಲದಂತೆ ಕೂತಿದ್ದ. ಮೈಮೂನ್ ಬಗಲಿನ ಬಟ್ಟೆಯಿಂದ ಒಂದು ರೊಟ್ಟಿ ತೆಗೆದುಕೊಟ್ಟ. ಅದರ ಮೇಲೆ ಏನೂ ಬರೆದಿರಲಿಲ್ಲ. ತಾಶ್ಫೀನ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಬೋಳು ರೊಟ್ಟಿ.”

“ಐವತ್ತಮೂರು ಮುರೀತು,” ಎಂದ ಮೈಮೂನ್. “ಏಳನೇ ಹಂತದ ದೊಡ್ಡದನ್ನ.”

“ಐವತ್ತಮೂರಾ? ಥೂ! ಅದಕ್ಕೇನು ಬಂದಿತ್ತು ರೋಗ!” ತಾಶ್ಫೀನ್ ನಕ್ಕ. ಕಣ್ಣು ನಗಲಿಲ್ಲ. “ಹೋಗ್ಲಿ ಬಿಡು. ನಲವತ್ತು ವರ್ಷದಲ್ಲಿ ಒಂದು ಸಲಾನೂ ತಪ್ಪು ಹೊತ್ತು ಹೇಳಿದೋನಲ್ಲ ನೀನು. ಐವತ್ತಮೂರು ಅಂದ್ರೆ ಐವತ್ತಮೂರೇ. ಕೈರೋದಲ್ಲಿ ದೊಡ್ಡ ದೊಡ್ಡ ಲೆಕ್ಕದೋರು ಇದಾರಂತಲ್ಲ, ಅವರಿಗೆ ಹೇಳ್ತೀನಿ. ‘ನಮ್ಮೂರ ಮೈಮೂನ್ ನೋಡಿದಾನೆ, ಏಳನೇ ಹಂತದಲ್ಲಿ ಏನೂ ಇಲ್ಲ, ಸುಮ್ನೆ ಬೆನ್ನು ಮುರ್ಕೋಬೇಡಿ’ ಅಂತ. ನಿನ್ನ ಹೆಸರಾದ್ರೂ ಹಜ್ ಮಾಡ್ಲಿ.”

ಅಷ್ಟರಲ್ಲಿ ಮುಂದಿನ ಒಂಟೆ ಎದ್ದಿತು. ಜನ ತಳ್ಳಿದರು. ತಾಶ್ಫೀನ್ ಬಗ್ಗಿ ಅವನ ತಲೆಯ ಮೇಲೆ ಮುತ್ತಿಟ್ಟು, “ದುಆ ಮಾಡ್ತಿರು ಕಣೋ” ಎಂದ. ಬಾಗಿಲಾಚೆ ಗೋರಿಗಳ ದಿಬ್ಬ. ಮೈಮೂನನ ಹೆಂಡತಿಯೂ ಅಲ್ಲೇ. ಯಾತ್ರೆಯವರು ಆ ದಿಬ್ಬವನ್ನು ಬಳಸಿ, ಧೂಳೆಬ್ಬಿಸಿಕೊಂಡು ಮೂಡಣಕ್ಕೆ ತಿರುಗಿದರು. ಧೂಳು ಇಳಿದ ಮೇಲೆ ರಸ್ತೆ ಬರಿದಾಗಿತ್ತು.

ಆಮೇಲಿನ ದಿನಗಳಲ್ಲಿ ಮೈಮೂನನಿಗೆ ಸಂಜೆಯದೇ ಕಷ್ಟ. ಬಿಸಿಲು ಇಳಿದ ಕೂಡಲೇ ಕಾಲುಗಳು ತಾವಾಗಿಯೇ ಮೆಟ್ಟಿಲಿಳಿಯುತ್ತಿದ್ದವು. ಕೆಳಗಿನ ಮೂರನೆಯ ಮೆಟ್ಟಿಲ ಮೇಲೆ ಯಾರದೋ ಬೆಕ್ಕು ಮಲಗಿರುತ್ತಿತ್ತು. ಅದನ್ನು ಎಬ್ಬಿಸದೆ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದ. ಬರ್ಹೂನ್ ಒಳ್ಳೆಯವನು, ಆದರೆ ಅವನಿಗೆ ತನ್ನ ಗಂಟಲಿನ ಚಿಂತೆ. ಜೇನು ಒಳ್ಳೆಯದೋ ಅಂಜೂರದ ಕಷಾಯ ಒಳ್ಳೆಯದೋ ಎಂಬುದರ ಆಚೆಗೆ ಅವನೊಡನೆ ಮಾತು ಸಾಗದು. “ಐವತ್ತಮೂರು ಹೀಗೆ ಮಾಡಬಾರದಿತ್ತು” ಎಂದರೆ ಅರ್ಥವಾಗುವ ಒಂದು ಜೀವ ಆ ಪಟ್ಟಣದಲ್ಲಿ ಇರಲಿಲ್ಲ.

ಒಂದು ಮಧ್ಯಾಹ್ನ, ನಮಾಜು ಮುಗಿದು ಅಂಗಳ ಖಾಲಿಯಾದ ಮೇಲೆ, ಅವನು ಹಲಗೆ ಇಳಿಸಿದ. ಏನೂ ಹುಡುಕುವುದಕ್ಕಲ್ಲ. ಸತ್ತವರ ಮುಖವನ್ನು ನೆನೆಯುವ ಹಾಗೆ ಆ ಸಂಖ್ಯೆಯನ್ನು ಇನ್ನೊಮ್ಮೆ ನೋಡಬೇಕೆನಿಸಿತು, ಅಷ್ಟೆ. ಮುರಿದ ಎರಡು ತುಂಡನ್ನು ಸೇರಿಸಿದರೆ ಅದು ಎದ್ದು ನಿಲ್ಲುತ್ತದಲ್ಲ. ಐವತ್ತಮೂರನ್ನು ಬರೆದ, ಸಾವಿರದ ನಾನೂರ ಐವತ್ತೊಂಬತ್ತನ್ನು ಬರೆದ, ನಿಧಾನವಾಗಿ ಗುಣಿಸಿದ. ಮರಳಿನ ಮೇಲೆ ಎದ್ದು ನಿಂತದ್ದು 77327.

ಮೈಮೂನ್ ಕಣ್ಣುಜ್ಜಿಕೊಂಡ. ಮತ್ತೆ ಗುಣಿಸಿದ. ಮೂರು ಇರಬೇಕಾದ ಕಡೆ ಏಳು ನಿಂತಿತ್ತು, ಏಳು ಇರಬೇಕಾದ ಕಡೆ ಮೂರು. ಅಂಕೆಗಳೆಲ್ಲ ಅವೇ, ಎರಡರ ಜಾಗ ಮಾತ್ರ ಅದಲು ಬದಲು. ಆ ದಿನ ಒಂದು ಏಳು ಬರೆದು ಕಿಟಕಿಗೆ ಹೋಗಿ ಬಂದು, ಬರೆಯಬೇಕಾದ ಮೂರನ್ನು ಹಿಂದಕ್ಕೆ ಸರಿಸಿ ಇನ್ನೊಂದು ಏಳು ಬರೆದಿದ್ದ. ಒಂಬತ್ತರ ತಾಳೆಗೆ ಅಂಕೆಗಳು ಎಲ್ಲಿ ಕೂತಿವೆ ಎಂಬುದು ಕಾಣುವುದಿಲ್ಲ. ಅದು ಮೊತ್ತವನ್ನಷ್ಟೇ ನೋಡುತ್ತದೆ. ಹಲಗೆಯ ಮೇಲೆ ಮೂಲ ಸಂಖ್ಯೆ ಅಳಿದು ಹೋಗಿತ್ತು. ಕೇಳಬೇಕಾದವನನ್ನು ಬಿಟ್ಟು ಬೇರೆ ಯಾರನ್ನೋ ಕೇಳಿ ಬಂದ ಹಾಗಾಗಿತ್ತು ಅವನ ಕೆಲಸ.

ಅವನು ಮರಳು ಸಮ ಮಾಡಿ, ಸರಿಯಾದ ಸಂಖ್ಯೆಯನ್ನು ಬರೆದು, ಒಂದೊಂದು ಅಂಕೆಯ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಓದಿ, ಐವತ್ತಮೂರರಿಂದ ಭಾಗಿಸಿದ. ನಾಲ್ಕು ಉಳಿಯಿತು.

ಓಗೊಟ್ಟಿರಲಿಲ್ಲ. ಆದರೆ ಕೈರೋದ ದಾರಿಯಲ್ಲಿ ತಾಶ್ಫೀನನ ಬಾಯಲ್ಲಿ ಅದು ಓಗೊಟ್ಟಿದೆ, ಮೈಮೂನನ ಹೆಸರಿನಲ್ಲಿ. ದೊಡ್ಡವರು ಕೇಳಿ ತಲೆಯಾಡಿಸಿ, ಆ ಹಂತವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಇರಬಹುದಾದ ಒಂದು ಜೋಡಿಯನ್ನು ಇಲ್ಲ ಎಂದು ಹೇಳಿ ಕಳಿಸಿದ ಹಾಗಾಯಿತು. ಅದೂ ಗೆಳೆಯನ ಕೈಯಲ್ಲೇ. ಮೈಮೂನ್ ಚಾಪೆಯ ಮೇಲೆ ಹಣೆಯೂರಿ ಬಹಳ ಹೊತ್ತು ಹಾಗೇ ಇದ್ದ. ಎದ್ದಾಗ ಒಂದು ನಿರ್ಧಾರ ಮಾಡಿದ್ದ. ಉಳಿದದ್ದನ್ನೂ ಕೇಳಿಯೇ ಬಿಡಬೇಕು. ತಪ್ಪು ಎಂದು ಹೇಳಿ ಕಳಿಸುವುದಾದರೆ ಅರ್ಧ ಮಾತು ಹೇಳಿ ಕಳಿಸಬಾರದು.

ಯಾತ್ರೆಯವರು ಮೂಡಣ ದಾರಿಯ ತಾಝಾ ಎಂಬ ಊರಲ್ಲಿ ತಂಗುತ್ತಾರೆ, ಬೆಟ್ಟದ ಕಡೆಯವರು ಬಂದು ಸೇರುವತನಕ ಅಲ್ಲಿಂದ ಕದಲುವುದಿಲ್ಲ. ಅಷ್ಟು ಸಮಯ ಇತ್ತು. ಐವತ್ತೊಂಬತ್ತು ಕರೆಯಿತು, ಅರವತ್ತೊಂದು ಕರೆಯಿತು. ಪ್ರತಿಸಲವೂ ಸಂಖ್ಯೆಯನ್ನು ಬರೆದು ಬೆರಳಿಟ್ಟು ಓದುತ್ತಿದ್ದ. ನೆರಳು ನೋಡಲು ಏಳಬೇಕಾದಾಗ ಅರ್ಧ ಬರೆದದ್ದನ್ನು ಅಳಿಸಿಯೇ ಏಳುತ್ತಿದ್ದ.

“ಯಾರ ಜೊತೆ ಮಾತಾಡ್ತಿದೀರಿ ಸೀದಿ?” ಎಂದು ಬರ್ಹೂನ್ ಮೇಲಿನಿಂದ ಇಣುಕಿದ. “ಗಂಟಲು ಹಾಳಾಗತ್ತೆ, ನೋಡ್ಕೊಳ್ಳಿ.”

“ಒಂದು ಸಂಖ್ಯೆ ಜೊತೆ.”

“ಏನನ್ನತ್ತೆ?”

“ಏನೂ ಅನ್ನಲ್ಲ. ಅನ್ನದೇ ಇರಲಿ ಅಂತಲೇ ಕೇಳ್ತಿದೀನಿ.”

ಬರ್ಹೂನ್ ತಲೆ ಒಳಕ್ಕೆ ಎಳೆದುಕೊಂಡ. ಆ ಸಂಜೆ ಅವನು ತನ್ನ ಪಾಲಿನ ಜೇನಿನಲ್ಲಿ ಅರ್ಧವನ್ನು ಒಂದು ಬಟ್ಟಲಲ್ಲಿ ಹಾಕಿ ಮೈಮೂನನ ಬಾಗಿಲಲ್ಲಿ ಇಟ್ಟು ಹೋದ.

ನೂರು ದಾಟಿತು, ಇನ್ನೂರು ದಾಟಿತು. ಮೈಮೂನನಿಗೆ ಆ ಸಂಖ್ಯೆಯ ಮೇಲೆ ಒಂದು ಬಗೆಯ ಕರುಣೆ ಹುಟ್ಟಿತ್ತು. ಇಷ್ಟೊಂದು ಜನ ಬಾಗಿಲು ತಟ್ಟುತ್ತಾರೆ, ಒಬ್ಬರಿಗೂ ಬಾಗಿಲು ತೆರೆಯಲಾರದು. ತೆರೆಯಬಾರದು. ಇನ್ನೂರ ಅರವತ್ತೊಂಬತ್ತು, ಇನ್ನೂರ ಎಪ್ಪತ್ತೊಂದು. ಕೊನೆಯ ಶೇಷವನ್ನು ನೋಡಿ ಅವನು ಎದ್ದು ನಿಂತ. ಮುಗಿದಿತ್ತು. ಎಪ್ಪತ್ತಮೂರು ಸಾವಿರದ ಏಳುನೂರ ಇಪ್ಪತ್ತೇಳು ಕಿವುಡು. ಅದನ್ನು ನೂರ ಇಪ್ಪತ್ತೆಂಟರಿಂದ ಗುಣಿಸಿದರೆ ಒಬ್ಬ ಗೆಳೆಯ. ಅದರ ಜೊತೆಯ ಎರಡು ಚಿಕ್ಕ ಕಿವುಡುಗಳನ್ನು ಒಂದಕ್ಕೊಂದು ಗುಣಿಸಿ, ಮತ್ತೆ ನೂರ ಇಪ್ಪತ್ತೆಂಟರಿಂದ ಗುಣಿಸಿದರೆ ಇನ್ನೊಬ್ಬ. ಲೋಕದ ಇನ್ಯಾವ ಮೂಲೆಯಲ್ಲಿ ಯಾರಾದರೂ ಇದನ್ನು ಕಂಡಿದ್ದರೋ ಏನೋ ಅವನಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಯಾರೋ ಪುದೀನ ಮಾರುತ್ತ ಹೋಗುತ್ತಿದ್ದರು. ಕೂಗಿ ಹೇಳೋಣವೆಂದರೆ ಯಾರಿಗೆ ಹೇಳುವುದು?

ಅವನು ಹಿಟ್ಟು ನಾದಿ ಎರಡು ದಪ್ಪ ರೊಟ್ಟಿ ತಟ್ಟಿ, ಕಡ್ಡಿಯಿಂದ ಅಂಕೆ ಗೀಚಿ, ಕೇರಿಯ ಒಲೆಮನೆಗೆ ಒಯ್ದ. ಅಲ್ಲಿ ಮನೆಮನೆಯ ರೊಟ್ಟಿಗೂ ಅವರವರ ಗುರುತು ಇರುತ್ತದೆ. ಒಲೆಯವನು ಹಲಗೆಯ ಮೇಲಿಟ್ಟುಕೊಂಡು ಕಣ್ಣರಳಿಸಿದ.

“ಇದ್ಯಾವ ಮನೆ ಗುರುತು ಸೀದಿ, ಈ ಉದ್ದ? ರೊಟ್ಟಿನೇ ಸಾಲ್ತಿಲ್ವಲ್ಲ!”

“ಚೆನ್ನಾಗಿ ಒಣಗೋ ಹಾಗೆ ಸುಡಪ್ಪಾ. ದೂರ ಹೋಗಬೇಕು.”

“ಒಣಗಿದ್ರೆ ತಿನ್ನೋರ ಹಲ್ಲು ದೂರ ಹೋಗತ್ತೆ,” ಎಂದ ಒಲೆಯವನು.

ಉಣ್ಣೆ ತರಲು ತಾಝಾಕ್ಕೆ ಹೋಗಿ ಬರುವ ಝೀರಿ ಎಂಬ ವ್ಯಾಪಾರಿ ಅದೇ ಕೇರಿಯಲ್ಲಿದ್ದ. ಗಟ್ಟಿಮುಟ್ಟಾದ ಹೇಸರಗತ್ತೆ, ಅದಕ್ಕಿಂತ ಗಟ್ಟಿಯಾದ ಬಾಯಿ. ಮೈಮೂನ್ ಚಿಕ್ಕ ಸಂಖ್ಯೆಯ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟ.

“ತಾಶ್ಫೀನ್‌ಗೆ ಕೊಡಬೇಕು. ‘ಐವತ್ತಮೂರು ಸುಳ್ಳು, ಮೈಮೂನ್ ತಪ್ಪು ಮಾಡಿದ, ಅದು ಯಾರಿಗೂ ಓಗೊಡಲ್ಲ’ ಅಂತ ಹೇಳು. ಕೈರೋದಲ್ಲಿ ಹಾಗೇ ಹೇಳಬೇಕು ಅಂತಲೂ ಹೇಳು.”

ಝೀರಿ ಹುಬ್ಬು ಮೇಲೆ ಮಾಡಿದ. “ನೀವು ತಪ್ಪು ಮಾಡಿದ್ರಿ ಅಂತ ಹೇಳೋದಾ? ನೀವಾ? ಸೀದಿ, ನಾಲ್ಕು ಜನದ ಮುಂದೆ ಹೇಳೋದೋ, ಕಿವಿಯಲ್ಲಿ ಹೇಳೋದೋ?”

ಮೈಮೂನ್ ಸ್ವಲ್ಪ ಯೋಚಿಸಿದ. “ಹೇಗೆ ಅನುಕೂಲವೋ ಹಾಗೆ. ಅವನಿಗೆ ಕೇಳಿದ್ರೆ ಸಾಕು.”

“ಅವರು ಅಲ್ಲಿಂದ ಹೊರಟುಹೋಗಿದ್ರೆ?”

ಝೀರಿ ರೊಟ್ಟಿಯನ್ನು ಚೀಲಕ್ಕೆ ಹಾಕಿ, “ಅಲ್ಲಾ ಇದಾನೆ, ಬಿಡಿ” ಎಂದು ಹೇಸರಗತ್ತೆಯ ಪಕ್ಕೆಗೆ ಒದ್ದ.

ದೊಡ್ಡ ಸಂಖ್ಯೆಯ ರೊಟ್ಟಿ ಕೋಣೆಯ ಗೂಡಿನಲ್ಲಿ ಕೂತಿತು. ತಾಶ್ಫೀನ್ ತಿಂದ ಸುದ್ದಿ ಬಾರದೆ ಇದನ್ನು ಮುಟ್ಟುವ ಹಾಗಿಲ್ಲ. ಮೈಮೂನ್ ನಮಾಜಿನ ಕೊನೆಯಲ್ಲಿ ಕೈ ಎತ್ತಿದಾಗ ಬೇರೆ ಏನನ್ನೂ ಕೇಳಲಿಲ್ಲ, ಝೀರಿಯ ಹೇಸರಗತ್ತೆಯ ಕಾಲಿಗೆ ಬಲ ಕೊಡು ಎಂದಷ್ಟೇ ಕೇಳಿದ. ಯಾತ್ರೆಯವರು ತಾಝಾ ಬಿಟ್ಟರೆ ಮುಗಿಯಿತು. ಮುಂದಿನ ದಾರಿಯಲ್ಲಿ ಇಲ್ಲಿಯವರು ಯಾರೂ ಹೋಗಿಬರುವುದಿಲ್ಲ. ಹಾಗಾದರೆ ಆ ರೊಟ್ಟಿ ಗೂಡಿನಲ್ಲೇ ಕಲ್ಲಾಗುತ್ತದೆ. ದಿನಗಳು ಹೋದವು. ರೊಟ್ಟಿಗೆ ಇರುವೆ ಹತ್ತದ ಹಾಗೆ ಅದರ ತಟ್ಟೆಯನ್ನು ನೀರಿನ ಬಟ್ಟಲೊಳಗೆ ಇಟ್ಟ.

ಝೀರಿ ಬಂದದ್ದು ಒಂದು ಶುಕ್ರವಾರ, ಜನ ಮಸೀದಿಯಿಂದ ಹೊರಡುತ್ತಿದ್ದ ಹೊತ್ತು. ಮೈಮೇಲೆಲ್ಲ ಉಣ್ಣೆಯ ಎಳೆ. ಮೈಮೂನನನ್ನು ಕಂಡವನೇ ಹೊಟ್ಟೆ ಹಿಡಿದುಕೊಂಡು ನಕ್ಕ.

“ಸೀದಿ, ನಿಮ್ಮ ಗೆಳೆಯರಿಗೆ ಅಲ್ಲಿ ಏನು ಗಿರಾಕಿ ಅಂತೀರಿ! ಇನ್ನೇನು ಎಲ್ಲಾ ಹೊರಟು ನಿಂತಿದ್ರು, ನಾನು ಸೇರ್ಕೊಂಡೆ. ನೋಡಿದ್ರೆ ಇವರು ಯಾತ್ರೆಯವರ ಛತ್ರದ ಗೋಡೆ ಪಕ್ಕ ಮರಳಲ್ಲಿ ಬೆರಳಾಡಿಸ್ತಾ ಕೂತಿದಾರೆ. ಬರೆಯೋದು, ಅಳಿಸೋದು, ಬರೆಯೋದು, ಅಳಿಸೋದು. ಮರಳಲ್ಲಿ ಶಕುನ ನೋಡೋ ದೊಡ್ಡ ಮನುಷ್ಯ ಅಂತ ಜನ ಸಾಲು ನಿಂತಿದೆ! ಒಬ್ಳು ‘ನನ್ನ ಗಂಡ ತಿರುಗಿ ಬರ್ತಾನಾ ಅಜ್ಜಾ’ ಅಂತ ಕೇಳಿದ್ಲಂತೆ. ಇವರು ತಲೆ ಎತ್ತದೆ ‘ಇಲ್ಲೀವರೆಗೂ ಯಾರಿಗೂ ಓಗೊಟ್ಟಿಲ್ಲ ಕಣಮ್ಮಾ’ ಅಂದ್ರಂತೆ. ಅವಳ ಅಳು ನಿಲ್ಸೋಕೆ ಊರಿಗೆ ಊರೇ ಬೇಕಾಯ್ತು!”

ಮೈಮೂನ್ ನಗಲಿಲ್ಲ. ಅವನ ಕೈ ಝೀರಿಯ ತೋಳನ್ನು ಹಿಡಿದಿತ್ತು. “ಹೇಳಿದ್ಯಾ?”

“ಹೇಳಿದೆ. ‘ಐವತ್ತಮೂರು ಸುಳ್ಳಂತೆ, ಮೈಮೂನ್ ತಪ್ಪು ಮಾಡಿದ್ರಂತೆ’ ಅಂದೆ. ‘ಗೊತ್ತು’ ಅಂದ್ರು.”

“ಗೊತ್ತು ಅಂದ್ನಾ?”

“ಹೂಂ. ‘ನಾಲ್ಕು ಉಳೀತು ಅಂತ ಹೇಳು ಅವನಿಗೆ’ ಅಂದ್ರು. ‘ನಾಲ್ಕು ಏನು ಉಳೀತು? ರೊಟ್ಟಿನಾ, ಒಂಟೆನಾ?’ ಅಂದೆ. ‘ನಾಲ್ಕು ಅಂತ ಹೇಳು, ಸಾಕು’ ಅಂತ ನಕ್ಕರು. ಆಮೇಲೆ, ಏನದು... ಹಾಂ, ‘ನೂರ ಹದಿಮೂರರ ತನಕ ಬಂದಿದೀನಿ, ಕಣ್ಣು ಸಾಲ್ತಿಲ್ಲ, ಮುಂದಿಂದು ಅವನು ನೋಡಿದಾನಲ್ಲ, ಸಾಕು’ ಅಂದ್ರು. ನನಗಂತೂ ತಲೆಬುಡ ಗೊತ್ತಾಗ್ಲಿಲ್ಲ.”

ಮೈಮೂನನಿಗೆ ಗೊತ್ತಾಗಿತ್ತು. ತಾನಿಲ್ಲಿ ಈ ಹಲಗೆಯ ಮೇಲೆ ಒಬ್ಬನೇ ಕೂತು ಕೇಳುತ್ತಿದ್ದಾಗ, ಅಲ್ಲಿ ದಾರಿಯ ಧೂಳಿನಲ್ಲಿ ಅವನೂ ಕೂತು ಅದನ್ನೇ ಕೇಳುತ್ತಿದ್ದ. ಅನುಮಾನದಿಂದ ಕೇಳಿದನೋ, ಹೊತ್ತು ಹೋಗದೆ ಕೇಳಿದನೋ, ಗೆಳೆಯನ ನೆನಪಿಗೆ ಕೇಳಿದನೋ. ಆ ಮೆಟ್ಟಿಲ ಮೇಲೆ ಬೆಕ್ಕಿನ ಪಕ್ಕ ಕೂತಿದ್ದ ಸಂಜೆಗಳಲ್ಲಿ ಅಲ್ಲಿ ಇನ್ನೊಂದು ಬೆರಳು ಇದೇ ಅಂಕೆಗಳನ್ನು ಬರೆದು ಅಳಿಸುತ್ತಿತ್ತು.

“ರೊಟ್ಟಿ?” ಎಂದ.

“ಅಯ್ಯೋ, ಅದೊಂದು ಕಥೆ. ಇರೋವು ಮೂರು ಹಲ್ಲು. ಕಚ್ಚೋಕೆ ಹೋಗಿ ‘ನಿಮ್ಮ ಮೈಮೂನ್ ರೊಟ್ಟಿ ಕಳ್ಸಿದಾನೋ ಬೀಸೋಕಲ್ಲು ಕಳ್ಸಿದಾನೋ’ ಅಂತ ಬೈದ್ರು. ನಾನು ಚೂರು ಕೇಳಿದೆ, ಕೊಡ್ಲಿಲ್ಲ. ನೀರಲ್ಲಿ ಅದ್ದಿ ಅದ್ದಿ ಅಷ್ಟನ್ನೂ ಒಬ್ಬರೇ ತಿಂದ್ರು. ತಿಂದು ಬಟ್ಟೆನೂ ಕೊಡವಿ ಬಾಯಿಗೆ ಹಾಕ್ಕೊಂಡ್ರು. ಆಮೇಲೆ ಕತ್ತೆ ಹತ್ತಿಸಿ ಕೂರಿಸಿದೆ. ಹೋದ್ರು.”

ಮೈಮೂನ್ ಝೀರಿಯ ತಲೆ ಮುಟ್ಟಿ ಹರಸಿ, ಮೆಟ್ಟಿಲು ಹತ್ತಿ ಕೋಣೆಗೆ ಬಂದ. ಗೂಡಿನಿಂದ ರೊಟ್ಟಿ ಇಳಿಸಿ ಬಿಸ್ಮಿಲ್ಲಾ ಎಂದು ಮುರಿಯಲು ಹೋದ, ಮುರಿಯಲಿಲ್ಲ. ಕಲ್ಲಿನಿಂದ ಕುಟ್ಟಿ, ಬಟ್ಟಲಿನ ನೀರಿಗೆ ಹಾಕಿ, ಮೆತ್ತಗಾದ ಹಾಗೆ ಒಂದೊಂದೇ ತುಂಡನ್ನು ತಿಂದ. ಯಾತ್ರೆಯವರು ಈಗ ತಾಝಾದಿಂದ ಬಹಳ ದೂರ ಹೋಗಿರಬೇಕು. ಆ ಕಡೆಯಿಂದ ಇನ್ನು ಮಾತು ಬರುವುದಿಲ್ಲ. ಅವನು ಯಾವ ದಿನ ಮದೀನಾ ಮುಟ್ಟಿದ, ಮುಟ್ಟಿದನೋ ಇಲ್ಲವೋ, ಯಾವ ಮಣ್ಣಿಗೆ ಹೋದ ಎಂಬುದು ಈ ಕೋಣೆಗೆ ಎಂದೂ ತಿಳಿಯುವುದಿಲ್ಲ.

ಕಿಟಕಿಯ ಕಟ್ಟೆಗೆ ಎರಡು ಗುಬ್ಬಿ ಬಂದು ಕೂತು ಬಟ್ಟಲನ್ನೇ ನೋಡತೊಡಗಿದವು. ಮೈಮೂನ್ ಅಭ್ಯಾಸದಂತೆ ಕೊನೆಯ ಚೂರನ್ನು ಅವುಗಳ ಕಡೆಗೆ ಚಾಚಿದ. ಹಾಗೇ ಕೈ ತಡೆದು, “ಇದನ್ನ ಕೊಡೋ ಹಾಗಿಲ್ಲ, ನಾಳೆ ಬನ್ನಿ” ಎಂದು ಗಟ್ಟಿಯಾಗಿ ಹೇಳಿ ತನ್ನ ಬಾಯಿಗೆ ಹಾಕಿಕೊಂಡ.